ಏಪ್ರಿಲ್‌ನಲ್ಲಿ ತೆಗೆದ ಎಲ್.ಸಿ.

ಏಪ್ರಿಲ್ ಬಂತೆಂದರೆ ಬೇರೆಯವರ ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆ ಒಣಗುತ್ತವೆ. ನಮ್ಮ ಮನೆಯಲ್ಲಿ ಒಣಗುವವರು ನಾವೇ. ನನ್ನ ಗಂಡ ಚಿದಂಬರ ಬ್ಯಾಂಕಿನಲ್ಲಿ ಆಫೀಸರು. ಏಪ್ರಿಲ್‌ನಿಂದ ಮೇ ಕೊನೆಯವರೆಗೆ ಟ್ರಾನ್ಸ್‌ಫರ್ ಲಿಸ್ಟಿನ ದಾರಿ ಕಾಯುವುದೇ ನಮ್ಮ ಬೇಸಗೆಯ ಕೆಲಸ. ಊಟಕ್ಕೆ ಕೂತರೆ ಲಿಸ್ಟು, ಎದ್ದರೆ ಲಿಸ್ಟು. ಫೋನು ಬಂದರೆ ತಟ್ಟೆ ಬಿಟ್ಟು ಏಳುತ್ತಾರೆ. ಆ ಕಡೆ ಯಾವನೋ ವಿಮೆ ಮಾರುವವನು ಇರುತ್ತಾನೆ, ಪಾಪ, ಅವನಿಗೆ ಬೈಗುಳ ಬೀಳುತ್ತದೆ.

ಮೂರು ವರ್ಷ ಹೊರರಾಜ್ಯದಲ್ಲಿ ದುಡಿದು ಬನ್ನಿ, ಆಮೇಲೆ ನಿಮ್ಮ ಊರ ಹತ್ತಿರ ಹಾಕುತ್ತೇವೆ ಎಂದು ೨೦೦೪ರಲ್ಲಿ ನಮ್ಮನ್ನು ಗದಗಿನಿಂದ ವೈಜಾಪುರಕ್ಕೆ ಕಳಿಸಿದರು. ವೈಜಾಪುರದಿಂದ ಔರಂಗಾಬಾದ್. ಈಗ ಅದನ್ನು ಸಂಭಾಜಿನಗರ ಅನ್ನುತ್ತಾರೆ, ನಾವಿದ್ದಾಗ ನಮ್ಮ ಆರ್ಡರಿನಲ್ಲಿದ್ದದ್ದು ಔರಂಗಾಬಾದ್. ಅಲ್ಲಿಂದ ನಾಸಿಕ್‌ನ ಅಂಬಡ್ ಶಾಖೆ. ಮೂರು ವರ್ಷ ಎಂದದ್ದು ಒಂಬತ್ತಾಯಿತು.

ಈ ಒಂಬತ್ತು ವರ್ಷವೂ ನಾವು ಬದುಕಿದ್ದು ‘ಮುಂದಿನ ವರ್ಷ’ ಎಂಬ ಊರಿನಲ್ಲಿ. ಮುಂದಿನ ವರ್ಷ ಹೋಗುವವರು ಗೋಡೆಗೆ ಮೊಳೆ ಯಾಕೆ ಹೊಡೆಯಬೇಕು? ಮಂಚ ಕೊಳ್ಳಲಿಲ್ಲ, ಲಾರಿಯಲ್ಲಿ ಮುರಿಯುತ್ತದೆ ಎಂದು. ಮರಾಠಿ ಬರೆಯಲು ನಾನು ಕಲಿಯಲಿಲ್ಲ. ತರಕಾರಿಯವಳ ಜೊತೆ ಚೌಕಾಸಿ ಮಾಡುವಷ್ಟು ಮಾತು ಬಂದರೆ ಸಾಕು, ಮುಂದಿನ ವರ್ಷ ಹೇಗೂ ಹುಬ್ಬಳ್ಳಿ ಎಂದುಕೊಂಡೆ. ಓಣಿಯಲ್ಲಿ ಯಾರನ್ನೂ ಹೆಚ್ಚು ಹಚ್ಚಿಕೊಳ್ಳಲಿಲ್ಲ.

ನಮಗೆ ಒಬ್ಬಳೇ ಮಗಳು, ಸಮೀಕ್ಷಾ. ಒಂದು, ಎರಡು ವೈಜಾಪುರದಲ್ಲಿ, ಮೂರರಿಂದ ಐದು ಔರಂಗಾಬಾದಿನಲ್ಲಿ, ಆರರಿಂದ ಒಂಬತ್ತು ನಾಸಿಕ್‌ನಲ್ಲಿ ಓದಿದಳು. ಕನ್ನಡ ಅವಳಿಗೆ ತಿಳಿಯುತ್ತದೆ, ಮಾತಾಡುವಾಗ ನಡುನಡುವೆ ಎಡವುತ್ತಾಳೆ, ಬರೆಯಲಂತೂ ಬರುವುದಿಲ್ಲ. ಮೂರು ಬೇಸಗೆ ಅ ಆ ಇ ಈ ತಿದ್ದಿಸಿದೆ, ಮೂರು ಮಳೆಗಾಲ ಮರೆತಳು. ಅವ್ವ ಅನ್ನು ಎಂದರೆ ‘ಆಯಿ’ ಅನ್ನುತ್ತಾಳೆ. ಔರಂಗಾಬಾದಿಗೆ ಹೋದ ವರ್ಷ ಅವಳ ನೋಟ್‌ಬುಕ್ಕುಗಳ ಚೀಟಿಯ ಮೇಲೆ ಹಳೆಯ ಶಾಲೆಯ ಹೆಸರಿಗೆ ಗೀಟು ಹೊಡೆದು ಹೊಸದನ್ನು ಬರೆದು ಎಲ್ಲ ಹೊಲಸಾಗಿತ್ತು. ಆಗ ನಾನೇ ಹೇಳಿಕೊಟ್ಟೆ: ನಿನ್ನ ಹೆಸರು ಪೆನ್ನಿನಲ್ಲಿ ಬರಿ, ಶಾಲೆಯ ಹೆಸರು ಪೆನ್ಸಿಲ್ಲಿನಲ್ಲಿ ಬರಿ. ಎಂಥ ಜಾಣ ಉಪಾಯ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

೨೦೧೩ರ ಏಪ್ರಿಲ್‌ನಲ್ಲಿ ಅವಳ ಒಂಬತ್ತನೆಯ ಪರೀಕ್ಷೆ ಮುಗಿಯಿತು. ಅದೇ ವಾರ ಸರ್ಕಲ್ ಆಫೀಸಿನಲ್ಲಿರುವ ಇವರ ಗೆಳೆಯರೊಬ್ಬರು ಫೋನು ಮಾಡಿ, ಈ ಸಲ ಹುಬ್ಬಳ್ಳಿ ಪಕ್ಕಾ, ನಿಮ್ಮ ಹೆಸರು ನಾನೇ ಕಣ್ಣಾರೆ ನೋಡಿದೆ ಎಂದರು. ಹುಬ್ಬಳ್ಳಿಯಲ್ಲಿ ನಾದಿನಿ ಗೋದಾವರಿ ಒಂದು ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಮಾತಾಡಿಯೂ ಇಟ್ಟಳು. ಆದರೆ ಹತ್ತನೆಯದಕ್ಕೆ ಉಳಿದದ್ದು ಎರಡೇ ಸೀಟು, ಹಳೆಯ ಶಾಲೆ ಬಿಟ್ಟ ಸರ್ಟಿಫಿಕೇಟು ಕೈಯಲ್ಲಿದ್ದವರಿಗೆ ಮಾತ್ರ ಎಂದರಂತೆ. ನಮ್ಮ ಕಡೆ ಅದಕ್ಕೆ ಟಿ.ಸಿ. ಎನ್ನುತ್ತಾರೆ, ಇಲ್ಲಿ ಎಲ್.ಸಿ.

ಆರ್ಡರು ಬರುವ ಮೊದಲೇ ಎಲ್.ಸಿ. ತೆಗೆಯುವುದೋ ಬೇಡವೋ? ಬದಲಿಯಾಗುವ ಜನಕ್ಕೆ ಇದು ಮದುವೆಗಿಂತ ದೊಡ್ಡ ಪ್ರಶ್ನೆ. ಆ ಭಾನುವಾರ ಕನ್ನಡ ಸಂಘದ ಸತ್ಯನಾರಾಯಣ ಪೂಜೆಯಲ್ಲಿ ವಿಶ್ವನಾಥಪ್ಪನವರು ಸಿಕ್ಕರು. ನಾಸಿಕ್ ಹತ್ತಿರದ ಓಝರಿನ ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರು, ಸಂಘದಲ್ಲಿ ಎಲ್ಲರಿಗೂ ಪುಕ್ಕಟೆ ವಕೀಲರು.

“ತಗೋರಿ, ಸುಮ್ನ ತಗೋರಿ,” ಎಂದರು ಪ್ರಸಾದದ ಕೈ ಒರೆಸಿಕೊಳ್ಳುತ್ತ. “ನನ್ನ ಮಗಂದು ನಾನೂ ಹಂಗ ಮಾಡಿದ್ದು. ಹುಬ್ಬಳ್ಳ್ಯಾಗ ಶಾಲಿ ಸುರು ಆಗೂದು ಜೂನ್ ಒಂದಕ್ಕ. ಇಲ್ಲಿಯವರು ಕಣ್ಣ ತೆಗಿಯೂದ ಜೂನ್ ಹದಿನೇಳಕ್ಕ. ಆರ್ಡರ್ ಬರೂತನಾ ಕುಂತ್ರ ಅಲ್ಲಿ ಸೀಟ್ ಎಲ್ಲಿ ಉಳೀತಾವ?”

ಮನೆಗೆ ಬಂದು ಹೇಳಿದಾಗ ಸಮೀಕ್ಷಾ ಒಂದೇ ಮಾತು ಕೇಳಿದಳು. “ಆಯಿ, ಲಿಸ್ಟ್ ಬಂದಿಲ್ಲಲಾ? ಬಂದಮ್ಯಾಲೆ ತಗೋ ನಾ.”

“ನಿನಗೇನು ತಿಳೀತದ,” ಎಂದೆ. ಇವರಿಗೆ ಶಾಖೆಯಲ್ಲಿ ಪುರುಸೊತ್ತಿರಲಿಲ್ಲ, ಮರುದಿನ ನಾನೇ ಶಾಲೆಗೆ ಹೋದೆ. ಬರಿಗೈಯಲ್ಲಿ ಹೋದೆನೇ? ಹಿಂದಿನ ವಾರ ಊರಿನಿಂದ ಬಂದಿದ್ದ ಧಾರವಾಡ ಪೇಡೆಯ ಡಬ್ಬಿ ಹಿಡಿದುಕೊಂಡು ಹೋದೆ. ಹೆಡ್‌ಮಿಸ್ಟ್ರೆಸ್ ಮಂದಾಕಿನಿ ಮ್ಯಾಡಮ್‌ಗೆ ಎರಡು ಪೇಡೆ, ಕ್ಲಾರ್ಕು ಯಶವಂತರಾಯರಿಗೆ ಎರಡು, ಬಾಗಿಲಲ್ಲಿ ನಿಂತ ಪ್ಯೂನಿಗೆ ಒಂದು. ಮ್ಯಾಡಮ್ ಮರಾಠಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲೇ ಹೇಳುತ್ತೇನೆ: “ಆರ್ಡರು ಬಂದ ಮೇಲೆ ತಗೊಂಡರಾಯಿತು, ಹತ್ತನೆಯ ವರ್ಷ, ಅವಸರ ಮಾಡಬೇಡಿ.” ನಾನು ನಕ್ಕು, “ಪಕ್ಕಾ ಆಗಿದೆ ಮ್ಯಾಡಮ್, ನಮ್ಮ ಊರಿಗೇ ಆಗಿದೆ,” ಎಂದೆ. ಅರ್ಜಿಯಲ್ಲಿ ಶಾಲೆ ಬಿಡುವ ಕಾರಣ ಎಂಬಲ್ಲಿ ‘ಪಾಲಕರ ಬದಲಿ’ ಎಂದು ಯಶವಂತರಾಯರೇ ತುಂಬಿದರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿ, ಅದನ್ನು ಊರಿಗೆಲ್ಲ ತೋರಿಸಿ ಬಂದೆ.

ಮೇ ಮೂವತ್ತಕ್ಕೆ ಲಿಸ್ಟು ಬಂತು. ಹುಬ್ಬಳ್ಳಿಯ ಮುಂದೆ ಬೇರೆ ಯಾರದೋ ಹೆಸರು. ನಮ್ಮವರ ಹೆಸರಿನ ಮುಂದೆ ಔರಂಗಾಬಾದ್.

ಇವರು ಮಧ್ಯಾಹ್ನವೇ ಮನೆಗೆ ಬಂದು ಬೂಟು ಬಿಚ್ಚದೆ ಕುರ್ಚಿಯ ಮೇಲೆ ಕೂತರು. ಮುಖ ನೋಡಿಯೇ ನನಗೆ ತಿಳಿಯಿತು.

“ನೋಡೀನಿ ಅಂದಿದ್ದನಲ್ಲ ನಿಮ್ಮ ಗೆಳಿಯಾ, ಏನು ನೋಡಿದ್ದ? ಕನಸಿನ್ಯಾಗ ನೋಡಿದ್ನೇನು?”

“ನಿರೂ, ಈಗ ಬ್ಯಾಡ.”

“ಬ್ಯಾಡ ಅಂದ್ರ? ಹುಡುಗಿ ಈಗ ಯಾವ ಶಾಲಿ ಹುಡುಗಿ, ಹೇಳ್ರಿ. ನಾಸಿಕ್‌ದಾಕಿ ಅಲ್ಲ, ಹುಬ್ಬಳ್ಳಿಯಾಕಿ ಆಗಲಿಲ್ಲ. ಹತ್ತನೇದ್ದು, ರೀ!”

“ಎಲ್.ಸಿ. ತಂದಾಕಿ ನೀನ ಅಲ್ಲೇನು?” ಎಂದರು. ಸಮೀಕ್ಷಾ ಒಳಗಿನ ಕೋಣೆಯಲ್ಲಿದ್ದಳು, ಹೊರಗೆ ಬರಲಿಲ್ಲ, ಅಳುವ ಸದ್ದೂ ಇಲ್ಲ. ಅತ್ತು ರಂಪ ಮಾಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಜೂನ್ ಮೂರಕ್ಕೆ ಇವರು ಔರಂಗಾಬಾದಿನಲ್ಲಿ ಹಾಜರಾದರು. ಬ್ಯಾಂಕು ಬಿಟ್ಟ ಮೇಲೆ ಶಾಲೆ ಶಾಲೆ ಅಲೆದರು. ಹತ್ತನೆಯ ತರಗತಿಗೆ ಹೊರಗಿನ ಮಕ್ಕಳನ್ನು ಯಾರು ತೆಗೆದುಕೊಳ್ಳುತ್ತಾರೆ? ರಿಸಲ್ಟು ಕೆಡುತ್ತದೆಂಬ ಭಯ ಎಲ್ಲರಿಗೂ. ಅವಳು ಐದರವರೆಗೆ ಓದಿದ ಶಾಲೆಯವರು ಗುರುತು ಹಿಡಿದು ಚಹಾ ಕೊಟ್ಟರಂತೆ, ಸೀಟು ಕೊಡಲಿಲ್ಲ. ಇನ್ನೊಂದು ಶಾಲೆಯವರು ಮತ್ತೆ ಒಂಬತ್ತನೆಯದರಲ್ಲೇ ಕೂರುವುದಾದರೆ ನೋಡೋಣ ಎಂದರು. ಎಂಬತ್ತಾರು ಪರ್ಸೆಂಟಿನ ಹುಡುಗಿ ಮತ್ತೆ ಒಂಬತ್ತಕ್ಕೆ! ಇತ್ತ ಹುಬ್ಬಳ್ಳಿಯ ಗೋದಾವರಿ, ಬೇಕಾದರೆ ಇಲ್ಲೇ ಇಟ್ಟು ಓದಿಸುತ್ತೇನೆ ಎಂದಳು. ಅವಳ ಒಳ್ಳೆಯತನ ದೊಡ್ಡದು. ಆದರೆ ತಂದೆ ಒಂದು ಕಡೆ, ಮಗಳು ಒಂದು ಕಡೆ, ನಾನು ನಡುವೆ ರೈಲು ಬದಲಿಸುವ ಮನ್ಮಾಡ್ ಜಂಕ್ಷನ್ನಿನಲ್ಲಿ ಸಂಸಾರ ಹೂಡುವುದೇ?

ಕೊನೆಗೆ ಉಳಿದದ್ದು ಒಂದೇ ದಾರಿ. ಇವರು ಔರಂಗಾಬಾದಿನಲ್ಲಿ ಒಂದು ಕೋಣೆ ಹಿಡಿಯಬೇಕು, ನಾವಿಬ್ಬರು ನಾಸಿಕ್‌ನಲ್ಲೇ ಉಳಿಯಬೇಕು, ಅದಕ್ಕೆ ಅವಳ ಹಳೆಯ ಶಾಲೆ ಅವಳನ್ನು ವಾಪಸು ತೆಗೆದುಕೊಳ್ಳಬೇಕು. ಪೇಡೆ ಹಂಚಿ ಬಂದ ಜಾಗಕ್ಕೆ ನಾನು ಕೈ ಮುಗಿದುಕೊಂಡು ಹೋಗಬೇಕು. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲವಂತೆ. ನನ್ನದು ಪೇಡೆಗೆ ಹೋಯಿತು.

ಮೊದಲ ದಿನ ಯಶವಂತರಾಯರು ದೊಡ್ಡ ರಿಜಿಸ್ಟರು ತೆಗೆದು ತೋರಿಸಿದರು. ಸಮೀಕ್ಷಾಳ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ, ಪಕ್ಕದಲ್ಲಿ ತಾರೀಖು. “ಒಮ್ಮೆ ಹೊಡೆದ ಗೆರೆ ಅಳಿಸಲು ಬರುವುದಿಲ್ಲ ತಾಯಿ,” ಎಂದರು. ಮ್ಯಾಡಮ್ ಮೀಟಿಂಗಿನಲ್ಲಿದ್ದಾರೆ, ನಾಳೆ ಬನ್ನಿ. ಮರುದಿನ ಮ್ಯಾಡಮ್ ಸಿಕ್ಕರು. ಎಲ್.ಸಿ.ಯನ್ನು ಮೇಜಿನ ಮೇಲಿಟ್ಟುಕೊಂಡು ಕೇಳಿದರು.

“ಇದರಲ್ಲಿ ಕಾರಣ ಏನಿದೆ? ಪಾಲಕರ ಬದಲಿ. ಬದಲಿ ಆಗಿದೆಯೋ ಇಲ್ಲವೋ?”

“ಆಗಿದೆ ಮ್ಯಾಡಮ್. ಆದರೆ ಔರಂಗಾಬಾದಿಗೆ.”

“ಅಂದರೆ ಎಲ್.ಸಿ. ಸರಿಯಾಗಿಯೇ ಇದೆ. ಬದಲಿ ರದ್ದಾಗಿದ್ದರೆ ಆ ಕಾಗದ ತೋರಿಸಿ ಹೆಸರು ಮತ್ತೆ ಹಚ್ಚಬಹುದಿತ್ತು. ಈಗ ಯಾವ ಕಾರಣ ಬರೆಯಲಿ?”

ಒಂಬತ್ತು ವರ್ಷ ಕೈಕಾಲು ಹಿಡಿದರೂ ಬೇಕಾದಲ್ಲಿಗೆ ಆಗದ ಬದಲಿ, ಬೇಡವಾದ ಹೊತ್ತಿನಲ್ಲಿ ಠಾಕುಠೀಕಾಗಿ ಆಗಿ ಕೂತಿತ್ತು. ತಪ್ಪು ಮ್ಯಾಡಮ್‌ರದಲ್ಲ ಎಂದು ಗೊತ್ತಿತ್ತು, ಆದರೂ ಅವರ ಮೇಲೆಯೇ ಸಿಟ್ಟು ಬಂತು. ಹೊರಗೆ ಬಂದು ರಿಕ್ಷಾದವನ ಜೊತೆ ಕಾರಣವಿಲ್ಲದೆ ಜಗಳವಾಡಿದೆ. ಮನೆಗೆ ಬಂದು ಇವರಿಗೆ ಫೋನು ಹಚ್ಚಿ ಅರ್ಧ ಗಂಟೆ ಕೂಗಾಡಿದೆ. ಹೂಂ, ಹೂಂ ಎಂದು ಕೇಳಿ, ಕೊನೆಗೆ, “ಊಟ ಮಾಡಿದ್ಯೇನು?” ಎಂದರು. ಆ ಮನುಷ್ಯನ ಮೇಲೆ ಸಿಟ್ಟು ಮಾಡುವುದೂ ಕಷ್ಟ.

ಮೂರನೆಯ ದಿನ ಹೊರಟಾಗ ಸಮೀಕ್ಷಾ ಯುನಿಫಾರ್ಮ್ ಹಾಕಿಕೊಂಡು ನಿಂತಿದ್ದಳು. “ನಾನೂ ಬರ್ತೀನಿ,” ಎಂದಳು. ಹೆಸರೇ ಇಲ್ಲದ ಶಾಲೆಗೆ ಯುನಿಫಾರ್ಮ್ ಯಾಕೆ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಮ್ಯಾಡಮ್ ಅವಳನ್ನು ನೋಡಿ ಮೆತ್ತಗಾದರು, ಆದರೂ ತಲೆ ಅಲ್ಲಾಡಿಸಿದರು. “ಇವತ್ತು ತೆಗೆದುಕೊಳ್ಳುತ್ತೇನೆ ಅನ್ನಿ. ದೀಪಾವಳಿ ಹೊತ್ತಿಗೆ ಇನ್ನೊಂದು ಆರ್ಡರು ಬಂತೆಂದು ಮತ್ತೆ ಎಲ್.ಸಿ. ಕೇಳಿದರೆ? ಏಳನೆಯದರಲ್ಲಿ ಗಣರಾಜ್ಯೋತ್ಸವದ ಲೇಜಿಮ್ ಕುಣಿತದ ತಂಡಕ್ಕೆ ಇವಳನ್ನು ಮುಂದಿನ ಸಾಲಿಗೆ ಆರಿಸಿದ್ದೆವು. ನಾನು ಜನವರಿಯವರೆಗೆ ಇರುತ್ತೇನೋ ಇಲ್ಲವೋ, ಬೇರೆಯವರನ್ನು ತಗೊಳ್ಳಿ ಅಂದಳು. ಎಂಟರಲ್ಲೂ ಅದೇ ಮಾತು. ನಿಮಗೆ ಗೊತ್ತಿಲ್ಲವೇ?”

ನನಗೆ ಗೊತ್ತಿರಲಿಲ್ಲ. ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಅವಳ ಗೆಳತಿಯರು ಲೇಜಿಮ್ ಆಡುತ್ತ ಹೋಗುವಾಗ ಇವಳು ನನ್ನ ಪಕ್ಕ ನಿಂತು ನೋಡಿದ್ದಳು. ನಿನ್ನನ್ನು ಯಾಕೆ ಆರಿಸಲಿಲ್ಲ ಎಂದು ಕೇಳಿದ್ದಕ್ಕೆ ಭುಜ ಕುಣಿಸಿದ್ದಳು. ಮೈಗಳ್ಳಿ ಎಂದು ನಾನು ಗದರಿದ್ದೆ.

ಆಗ ಸಮೀಕ್ಷಾ ಮಾತಾಡಿದಳು, ಮರಾಠಿಯಲ್ಲಿ. ಮನೆಯಲ್ಲಿ ನಾಲ್ಕು ಶಬ್ದಕ್ಕೆ ಎರಡು ಸಲ ತಡವರಿಸುವ ಹುಡುಗಿ ಅಲ್ಲಿ ನಿಂತು ಒಂದೇ ಸಮ ಹೇಳಿದಳು. ಮ್ಯಾಡಮ್, ಮೂರು ಶಾಲೆ ಬಿಟ್ಟಿದ್ದೇನೆ. ಮೂರು ಸಲವೂ ರಜೆಯಲ್ಲೇ ಬಿಟ್ಟಿದ್ದೇನೆ. ಜೂನ್‌ನಲ್ಲಿ ಹಾಜರಿ ಕೂಗುವಾಗ ನನ್ನ ಹೆಸರು ಬರದಿದ್ದಾಗ ನಾನು ಹೋದೆ ಎಂದು ಗೆಳತಿಯರಿಗೆ ಗೊತ್ತಾಗುತ್ತದೆ. ಹತ್ತನೆಯವರಿಗೆ ಫೆಬ್ರುವರಿಯಲ್ಲಿ ನೀವು ಬೀಳ್ಕೊಡುಗೆ ಮಾಡುತ್ತೀರಲ್ಲ, ಒಂದು ಸಲ ಅದರಲ್ಲಿ ಕೂರಬೇಕು. ಎಲ್ಲರೂ ಶಾಲೆ ಬಿಡುವ ದಿನ ನಾನೂ ಬಿಡಬೇಕು.

ಮ್ಯಾಡಮ್ ಕನ್ನಡಕ ತೆಗೆದು ಒರೆಸಿದರು. ಯಶವಂತರಾಯರು ರಿಜಿಸ್ಟರಿನಲ್ಲಿ ಏನನ್ನೋ ಹುಡುಕತೊಡಗಿದರು. ನನಗೆ ಅಳು ಬಂತು. ನಾಚಿಕೆ ಅದಕ್ಕಿಂತ ಹೆಚ್ಚು ಬಂತು, ಏಕೆಂದರೆ ಅವಳು ಹೇಳಿದ ಒಂದು ಮಾತನ್ನೂ ನಾನು ಆವರೆಗೆ ಕೇಳಿರಲಿಲ್ಲ.

ಶಿಕ್ಷಣಾಧಿಕಾರಿಗಳ ಕಚೇರಿಗೆ ಬರೆದು ಪರವಾನಗಿ ತರಿಸುತ್ತೇನೆ, ಹದಿನೈದಿಪ್ಪತ್ತು ದಿನ ಆಗಬಹುದು, ಅಲ್ಲಿಯವರೆಗೆ ತರಗತಿಯಲ್ಲಿ ಕೂರಲಿ ಎಂದರು ಮ್ಯಾಡಮ್. ಆದರೆ ಪಾಲಕರಿಂದ ಒಂದು ಹಮೀಪತ್ರ ಬೇಕು ಎಂದರು. ನಮ್ಮ ಕಡೆ ಮುಚ್ಚಳಿಕೆ ಅನ್ನುತ್ತೇವಲ್ಲ, ಅದು. ಹತ್ತನೆಯ ಪರೀಕ್ಷೆ ಮುಗಿಯುವವರೆಗೆ ಯಾವ ಕಾರಣಕ್ಕೂ ಎಲ್.ಸಿ. ಕೇಳುವುದಿಲ್ಲ ಎಂದು, ಮರಾಠಿಯಲ್ಲಿ, ಕೈಬರಹದಲ್ಲಿ.

ಪೆನ್ನು ಹಿಡಿದು ಕೂತೆ. ಅಕ್ಷರಗಳೇನೋ ಹಿಂದಿಯ ಪುಣ್ಯದಿಂದ ಗೊತ್ತು, ಆದರೆ ಒಂದು ವಾಕ್ಯ ಕಟ್ಟಲು ಬರಲಿಲ್ಲ. ಒಂಬತ್ತು ವರ್ಷ ಈ ನೆಲದ ಜೋಳ ತಿಂದವಳು ನಾನು. ಸಮೀಕ್ಷಾ ನನ್ನ ಕೈಯಿಂದ ಪೆನ್ನು ತಗೊಂಡು ಬರೆದಳು. ಬರೆದದ್ದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಮ್ಯಾಡಮ್ ಹೇಳಿದ್ದಕ್ಕಿಂತ ಒಂದು ಸಾಲು ಹೆಚ್ಚಿಗೆ ಇತ್ತು: ತಂದೆಯವರಿಗೆ ಹುಬ್ಬಳ್ಳಿಗೆ ಬದಲಿಯಾದರೂ ಕೇಳುವುದಿಲ್ಲ. ನಾನು ಅವಳ ಮುಖ ನೋಡಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಕೆಳಗೆ ‘ನಿರುಪಮಾ ಚಿದಂಬರ’ ಎಂದು ಕನ್ನಡದಲ್ಲಿ ಸಹಿ ಹಾಕಿದೆ.

ಜುಲೈ ಮೊದಲ ವಾರ ಪರವಾನಗಿ ಬಂತು. ಕೆಂಪು ಗೆರೆ ಇದ್ದಲ್ಲೇ ಉಳಿಯಿತು, ರಿಜಿಸ್ಟರಿನ ಕೊನೆಯಲ್ಲಿ ಹೊಸ ನಂಬರಿನ ಮುಂದೆ ಅವಳ ಹೆಸರು ಬಂತು. ವಿಶ್ವನಾಥಪ್ಪನವರು ಸಂಘದಲ್ಲಿ ಸಿಕ್ಕು, “ನಾ ಹೇಳಿದ್ನಿಲ್ರಿ, ಎಲ್ಲಾ ಸರಿ ಹೋಗ್ತದ ಅಂತ,” ಎಂದರು. ಅವರು ಹಾಗೆ ಹೇಳಿದ್ದು ನನಗಂತೂ ನೆನಪಿಲ್ಲ.

ಆ ಶನಿವಾರ ಸಂಜೆ ಸಮೀಕ್ಷಾ ನೆಲದ ಮೇಲೆ ಪುಸ್ತಕಗಳನ್ನು ಹರವಿಕೊಂಡು ಖಾಕಿ ಕಾಗದದ ರಟ್ಟು ಹಾಕುತ್ತಿದ್ದಳು. ಅಲ್ಲಿಯವರೆಗೆ ಹಾಕಿರಲೇ ಇಲ್ಲ. ನಾನು ಚೀಟಿ ಅಂಟಿಸಿಕೊಡುತ್ತಿದ್ದೆ. ಫೋನು ಬಂತು.

“ನಿರೂ! ಹುಬ್ಬಳ್ಳಿ!” ಇವರು ಅಷ್ಟು ಜೋರಾಗಿ ಕೂಗಿದ್ದು ನಮ್ಮ ಮದುವೆಯಾದ ಮೇಲೆ ಅದೇ ಮೊದಲು. “ರಿವೈಸ್ಡ್ ಲಿಸ್ಟ್ ಬಂತು. ಮೊದಲ ಹುಬ್ಬಳ್ಳಿಗೆ ಹಾಕಿದ್ದ ಮನಶ್ಯಾ ಬ್ಯಾಡಂದನಂತ, ನನ್ನ ಹೆಸರು ಹಾಕ್ಯಾರ. ಹತ್ತು ದಿನದಾಗ ಹಾಜರ್ ಆಗಬೇಕು. ಗೋದಾವರಿಗೆ ಆಗಲೇ ಫೋನ್ ಮಾಡೀನಿ. ಆ ಶಾಲ್ಯಾಗ ಒಂದು ಸೀಟ್ ಇನ್ನೂ ಅದ ಅಂತ!”

ಸುಳ್ಳು ಹೇಳಬಾರದು, ಮೊದಲು ನನಗೆ ಆದದ್ದು ಸಂತೋಷವೇ. ಹುಬ್ಬಳ್ಳಿ! ಭಾಷೆಗೆ ತಡಕಾಡಬೇಕಿಲ್ಲ, ಅವ್ವನನ್ನು ನೋಡಬೇಕೆನಿಸಿದರೆ ಒಂದೂವರೆ ತಾಸಿನ ಬಸ್ಸು. ಒಂಬತ್ತು ವರ್ಷ ಬೇಡಿದ ದೇವರು ಕೊನೆಗೂ ಕಣ್ಣು ಬಿಟ್ಟ ಎಂದುಕೊಂಡೆ. ಬೇಡಿದವಳೂ ನಾನೇ, ಮುಚ್ಚಳಿಕೆ ಬರೆದುಕೊಟ್ಟವಳೂ ನಾನೇ ಎಂಬುದು ಆಮೇಲೆ ನೆನಪಾಯಿತು.

ಸಮೀಕ್ಷಾಳ ಕತ್ತರಿ ನಿಂತಿತ್ತು. ಫೋನಿನ ಮಾತೆಲ್ಲ ಅವಳಿಗೆ ಕೇಳಿತ್ತು. ಅರ್ಧ ರಟ್ಟು ಹಾಕಿದ ಭೂಮಿತಿಯ ಪುಸ್ತಕವನ್ನು ಪಕ್ಕಕ್ಕೆ ಇಟ್ಟಳು, ಉಳಿದ ಕಾಗದವನ್ನು ಸುರುಳಿ ಸುತ್ತಿದಳು.

“ಆಯಿ,” ಎಂದಳು, ಉಪ್ಪು ತರಲೇ ಎಂದು ಕೇಳುವಷ್ಟು ಸಹಜವಾಗಿ. “ಸೋಮವಾರ ಎಲ್.ಸಿ.ಗೆ ಅರ್ಜಿ ನಾನ ಬರೀತೀನಿ. ಮ್ಯಾಡಮ್‌ಗೆ ನಾನ ಹೇಳ್ತೀನಿ. ನೀ ಬರಬ್ಯಾಡ, ನಿನಗ ಲಾಜ್ ಆಗ್ತದ.”

ನನಗೆ ನಾಚಿಕೆ ಆಗಬಾರದೆಂದು ಹದಿನೈದು ವರ್ಷದ ಹುಡುಗಿ ತಾನೇ ಹೋಗಿ ತನ್ನ ಹೆಸರು ಹೊಡೆಸಿಕೊಂಡು ಬರುತ್ತಾಳಂತೆ. ನನಗೆ ಎದೆಯಲ್ಲಿ ಉರಿ ಎದ್ದಿತು. ಬ್ಯಾಂಕಿನ ಮೇಲೆ, ಲಿಸ್ಟಿನ ಮೇಲೆ, ಇವರ ಮೇಲೆ, ಎಲ್ಲಕ್ಕಿಂತ ಹೆಚ್ಚು ನನ್ನ ಮೇಲೆ.

“ರೀ,” ಎಂದೆ ಫೋನಿನಲ್ಲಿ. “ನೀವು ಹುಬ್ಬಳ್ಳಿಗೆ ಹೋಗ್ರಿ. ನಾವು ಪರೀಕ್ಷಾ ಮುಗಿಯೂತನಾ ಇಲ್ಲೇ ಇರ್ತೀವಿ.”

“ಹುಚ್ಚು ಹಿಡದದೇನು ನಿನಗ? ಒಂಬತ್ತು ವರ್ಷದಿಂದ ಇದಕ್ಕ ಅಲ್ಲೇನು ಕಾದದ್ದು?”

“ಹೌದ್ರಿ. ಇನ್ನೊಂದು ಎಂಟು ತಿಂಗಳು ಕಾಯೂಣು. ನಾ ಬರದ ಕೊಟ್ಟೀನಿ.”

“ಒಂದು ಕಾಗದಕ್ಕ ಯಾರು ಕೇಳ್ತಾರ?”

“ಆಕಿ ಕೇಳ್ತಾಳ,” ಎಂದೆ. ಅವರು ನಾಳೆ ಮಾತಾಡೋಣ ಎಂದು ಇಟ್ಟುಬಿಟ್ಟರು. ನಾಳೆ ಏನು ಮಾತಾಡುತ್ತಾರೋ ನನಗೆ ಗೊತ್ತಿತ್ತು. ನಾಡಿದ್ದು ಗೋದಾವರಿ ಮಾತಾಡುತ್ತಾಳೆ, ಅದರ ಮರುದಿನ ಅವ್ವ ಅಳುತ್ತಾಳೆ.

ನಾನು ಭೂಮಿತಿಯ ಪುಸ್ತಕಕ್ಕೆ ಉಳಿದರ್ಧ ರಟ್ಟು ಹಾಕಿ, ಚೀಟಿ ಅಂಟಿಸಿ ಅವಳ ಮುಂದಿಟ್ಟೆ.

“ಬರಿ,” ಎಂದೆ. “ಹೆಸರೂ, ಶಾಲಿ ಹೆಸರೂ. ಎಲ್ಲಿಗೂ ಹೋಗೂದಿಲ್ಲ ನಾವು.”

ಅವಳು ನನ್ನನ್ನು ಒಮ್ಮೆ ನೋಡಿದಳು. ಪೆನ್ನು ತೆಗೆದುಕೊಂಡು ತನ್ನ ಹೆಸರು ಬರೆದಳು. ಪೆನ್ನು ಮುಚ್ಚಿ ಕೆಳಗಿಟ್ಟಳು. ಕಂಪಾಸಿನ ಡಬ್ಬಿ ತೆರೆದು ಪೆನ್ಸಿಲ್ಲು ಹುಡುಕಿದಳು, ಶಾಲೆಯ ಹೆಸರನ್ನು ಅದರಲ್ಲಿ ಬರೆದಳು.

ಅವಳ ಜಾಗದಲ್ಲಿ ನಾನಿದ್ದರೂ ಪೆನ್ಸಿಲ್ಲಿನಲ್ಲೇ ಬರೆಯುತ್ತಿದ್ದೆ.